ವಿಧ್ಯರ್ಥ

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ನನ್ನದು ಸ್ಟೋರಿನ ಕಿಟಕಿ,
ಒಂದೂವರೆ ಅಡಿ ಅಗಲ, ಕಬ್ಬಿಣದ ಜಾಲರಿ.
ಹನ್ನೊಂದು ವರ್ಷದಿಂದ ಅದರೊಳಗೆ ತೂರಿ ಬರುವುದು
ಒಂದು ಕೈ, ಒಂದು ಚೀಟಿ, ಒಂದು ಕ್ರಿಯಾಪದ.

ತಾ. ಕೊಡು. ಕೊಡಮ್ಮ. ಬೇಗ ಕೊಡಿ ಮೇಡಂ.
ಬೇರಿಂಗ್ ಇದ್ರೆ ಒಂದು ಕೊಡಿ ಮಾರಾಯ್ತಿ,
ಲೈನ್ ನಿಂತಿದೆ, ಸಾಹೇಬ್ರು ಕುಣೀತಿದಾರೆ.
ಮುಖ ನೋಡದೆ ಹೇಳಬಲ್ಲೆ ಬಂದವರು ಯಾರೆಂದು,
ಕೊಡು ಅನ್ನುವುದರ ಬಾಲ ಎಷ್ಟುದ್ದ ಅನ್ನುವುದರಿಂದ.
ದಯವಿಟ್ಟು ಮಾತ್ರ ಯಾರ ಬಾಯಲ್ಲೂ ಕೇಳಿದ್ದಿಲ್ಲ.
ಅದಿರುವುದು ಗೋಡೆಯ ಬೋರ್ಡಿನಲ್ಲಿ, ಹೆಲ್ಮೆಟ್ಟಿನ ಚಿತ್ರದ ಪಕ್ಕ,
ಬಣ್ಣ ಉದುರಿ ಈಗ ಬರೀ 'ದಯವಿ'.

ಬ್ರೆಷಿಯಾದಿಂದ ಮೋಲ್ಡಿಂಗ್ ಮಷೀನು ಬಂತು,
ಹಿಂದೆಯೇ ಜಾನೆಟ್ಟಿ ಎಂಬ ಮುದುಕ, ಎರಡು ವಾರಕ್ಕೆ.
ಇಂಗ್ಲಿಷು ಅವನಿಗೂ ನನ್ನಷ್ಟೇ.
ಮೊದಲ ದಿನ ಕಿಟಕಿಗೆ ಬಗ್ಗಿ
'ಸೆಂತಾ, ಸ್ಕೂಜಿ, ಮಿ ದೀಯಾ' ಎನ್ನುತ್ತ
ಗಾಳಿಯಲ್ಲೊಂದು ಸ್ಪ್ಯಾನರ್ ತಿರುಗಿಸಿದ.
ಹದಿನೇಳು ನಂಬರು. ಕೊಟ್ಟೆ.

ಜೊತೆಗೆ ಬಂದ ಹುಡುಗನಿಗೆ ಅವನು ಹೇಳುವುದೇ ಬೇರೆ:
'ದಮ್ಮಿ!'
ನನಗೆ ಕೇಳಿಸಿದ್ದು ದಮ್ಮಯ್ಯ.
ಅಯ್ಯೋ, ಮೀಸೆ ಮೂಡದ ಹುಡುಗನ ಹತ್ತಿರ
ಇಷ್ಟೇಕೆ ಅಂಗಲಾಚುತ್ತಾನೆ ಈ ಮುದುಕ?
ನೋಡಿದರೆ ಹುಡುಗ ಎದ್ದುಬಿದ್ದು ಓಡುತ್ತಾನೆ.

ಸಂಜೆ ಸಿಟಿ ಬಸ್ಸಿಳಿದು ಸಿಸ್ಟರ್ ಫಿಲೋಮಿನಾರನ್ನು ಕೇಳಿದೆ.
ರೋಮಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಬೆಡ್‌ಪ್ಯಾನ್ ಎತ್ತಿದವರು,
ಈಗ ಕಾನ್ವೆಂಟಿನ ಹಿತ್ತಲಲ್ಲಿ ಬಸಳೆ ಹಬ್ಬಿಸುತ್ತಾರೆ.
ಕೆಮ್ಮು ಬರುವಷ್ಟು ನಕ್ಕರು.
'ದಮ್ಮಿ ಅಂದ್ರೆ ತಾ. ನಿನ್ನ ಗಂಡ ನೀರು ಕೇಳ್ತಾನಲ್ಲ, ಹಾಗೆ.
ಗುರುತಿಲ್ಲದವರಿಗೆ ಹಾಗನ್ನಬಾರದು,
ಅವರನ್ನ ಆಕೆ ಅಂತ ಮಾಡ್ಕೋಬೇಕು.'
ಗಂಡಸಾದ್ರೂ?
'ಬಿಷಪ್ಪರಾದ್ರೂ ಆಕೆಯೇ.
ಮಿ ದೀಯಾ. ಆಕೆ ನನಗೆ ಕೊಡಲಿ.'

ಕೊಡಲಿ ಅಂದಾಗ ಮೊದಲು ಹೊಳೆದದ್ದು
ಸೌದೆ ಒಡೆಯುವ ಕೊಡಲಿ.
ಆಮೇಲೆ ರುದ್ರಪ್ಪ ಮೇಷ್ಟ್ರು, ಏಳನೇ ಕ್ಲಾಸು, ಬೆತ್ತ.
ಅಪ್ಪಣೆ, ಹಾರೈಕೆ, ಶಾಪ, ಮೂರಕ್ಕೂ ಒಂದೇ ಪಾಠ.
ದೇವರು ನಿನಗೆ ಒಳ್ಳೇದು ಮಾಡಲಿ.
ನಿನ್ನ ಬಾಯಿಗೆ ಮಣ್ಣು ಬೀಳಲಿ.
'ಲಿ' ಎಂದ ಕೂಡಲೇ ನಾವು ಮೇಲೆ ನೋಡುವವರು.
ಆ ಜನ ಸ್ಪ್ಯಾನರಿಗೂ ಅದನ್ನೇ ಅನ್ನುತ್ತಾರೆ,
ಎದುರು ನಿಂತವಳು ಎಲ್ಲೋ ದೂರದಲ್ಲಿದ್ದಾಳೆ ಎಂಬಂತೆ,
ಕೊಡದೆಯೂ ಇರಬಹುದು ಎಂಬಂತೆ.

ಮರುದಿನ ಗ್ರೀಸು ಮುಗಿದಿತ್ತು. ಬಾಯಿಪಾಠದ್ದು ಒಪ್ಪಿಸಿದೆ:
'ಆಬ್ಬಿಯಾ ಪತ್ಸಿಯೆಂತ್ಸಾ', ತಾಳ್ಮೆ ಇರಲಿ.
ಮುದುಕ ಗ್ಲೌಸು ಬಿಚ್ಚಿ ಎದೆ ಮುಟ್ಟಿಕೊಂಡ.

ಆ ಹುಮ್ಮಸ್ಸಿನಲ್ಲೇ ಇರಬೇಕು,
ಮರಳು ಗುಡಿಸುತ್ತಿದ್ದ ಚೌಡವ್ವನಿಗೆ ಅಂದುಬಿಟ್ಟೆ:
ಆ ಬಕೆಟ್ ಸ್ವಲ್ಪ ಈ ಕಡೆ ಕೊಡಿ.
ಪೊರಕೆ ನಿಂತಿತು.
'ಯಾಕ್ರವ್ವಾ, ನನ್ನ ಕೆಲಸದಿಂದ ತೆಗೀತಾರಾ?
ಲಚ್ಚಿಗೂ ಹಿಂಗೇ, ಆಫೀಸಿಗೆ ಕರೆದು
ಕೂತ್ಕೊಳ್ಳಿ ಅಂದಿದ್ರು.'

ಇಲ್ಲ ಚೌಡವ್ವ, ಇಲ್ಲ. ಬಕೆಟ್ ತಾ.
ಅವಳ ಉಸಿರು ಇಳಿದದ್ದು ಜಾಲರಿಯೀಚೆಗೂ ಕೇಳಿಸಿತು.

ಜಾನೆಟ್ಟಿ ಹೊರಟ ದಿನ ಸ್ಪ್ಯಾನರನ್ನು
ಎರಡೂ ಕೈಯಲ್ಲಿ ಹಿಡಿದು ತಂದು 'ತೆಂಗಾ' ಎಂದ.
ಆಕೆ ಇಟ್ಟುಕೊಳ್ಳಲಿ.
ನಾನು ಒಂದು ಕ್ಷಣ ತೆಂಗಿನಕಾಯಿ ಹುಡುಕಿದೆ.
ಹದಿನೇಳು ನಂಬರು, ವಾಪಸು, ರಿಜಿಸ್ಟರಿಗೆ ಬರೆದೆ.

ಚೌಡವ್ವನಿಗೆ ಈಗಲೂ ತಾ ಎಂದೇ ಹೇಳುತ್ತೇನೆ.
ಕುರ್ಚಿಯಿಂದ ಎದ್ದು ಹೇಳುತ್ತೇನೆ.