ಮೂರು ಮಾರು

ಸಿಸಿಮಿಯುತ್ ಊರಿನ ದೋಣಿಮನೆಗೆ ಗುರುವಾರ ಸಂಜೆ
ಮಿನಿಕ್ ಬಂದ. ಹದಿನೈದು. ಜೇಬಿನಿಂದ ಕೈ ತೆಗೆಯದವನು.
ಶಾಲೆಯವರು ಕೊಟ್ಟ ಕಡತದಲ್ಲಿ ಅವನ ಕೊರತೆಗಳೇ ಆರು ಪುಟ.
ಓದಲಿಲ್ಲ; ಕನ್ನಡಕ ಮರೆತು ಬಂದಿದ್ದೆ, ಅಷ್ಟೆ.

‘ಕೈ ಚಾಚು’ ಅಂದೆ.
ಕಯಾಕಿಗೆ ಅಂಗಡಿ ಟೇಪಿನ ಲೆಕ್ಕ ಆಗಿಬರದು:
ಉದ್ದ, ಕೂರುವವನದೇ ಮೂರು ಮಾರು;
ಅಗಲ, ಅವನ ಸೊಂಟ, ಜೊತೆಗೆರಡು ಹಿಡಿ.
ತೋಳು ಬಿಚ್ಚಿದ. ಇಷ್ಟುದ್ದವಿದ್ದೇನೆಂದು
ಅವನಿಗೇ ಗೊತ್ತಿರಲಿಲ್ಲವೇನೋ.

ಹಬೆಯಲ್ಲಿ ದೋಣಿಯ ಪಕ್ಕೆಲುಬು ಬಗ್ಗಿಸುವಾಗ ಮೂರು ಮುರಿದ.
ನಾಲ್ಕನೆಯದಕ್ಕೆ ಪಾನಿಂಗುವಾಕ್ ಕೈಜೋಡಿಸಿದಳು,
ಆಮೇಲೆ ಇಬ್ಬರೂ ನನ್ನ ಬಿಸ್ಕತ್ತು ಖಾಲಿ ಮಾಡಿದರು.

ಸೂರ್ಯ ಏಳದ ಡಿಸೆಂಬರಿನ ಒಂದು ಮಧ್ಯಾಹ್ನ
ಉಜ್ಜುಕಾಗದ ನಿಲ್ಲಿಸಿ ಕೇಳಿದ:
‘ನಾನು ಇನ್ನೂ ಬೆಳೆದರೆ, ಉಯೂತಜ್ಜ?’

‘ಇನ್ನೊಂದು ಕಟ್ಟುವ’ ಅಂದು
ಹುರಿ ಬಿದ್ದಿದೆಯೆನ್ನುವವನ ಹಾಗೆ
ಬೆಂಚಿನಡಿ ಬಗ್ಗಿ, ತುಸು ಹೊತ್ತು ಅಲ್ಲೇ ಇದ್ದೆ.