ಬಿ ಬದಿಯ ಕೊನೆಯ ಹಾಡು

ಪುಣೆಯ ಈಸ್ಟ್ ಸ್ಟ್ರೀಟು, ಮೆಟ್ಟಿಲ ಕೆಳಗೊಂದು ಅಂಗಡಿ.
ಖಾಲಿ ಕ್ಯಾಸೆಟ್ಟೂ ಸೇರಿ ಮೂವತ್ತೆಂಟು ರೂಪಾಯಿ.
ಝರೀರ್ ಕನ್ನಡಕ ಮೂಗಿನ ಮೇಲಕ್ಕೆ ದೂಡಿ ಮೊದಲೇ ಹೇಳಿದ್ದ:
ನಲವತ್ತೈದು ನಿಮಿಷದ್ದೊಂದೇ ಉಳಿದಿದೆ,
ಆಲ್ಬಂ ಅದಕ್ಕಿಂತ ಚೂರು ಉದ್ದ,
ಕೊನೆಗೆ ಎಲ್ಲೋ ತುಂಡಾಗುತ್ತೆ. ಚಲೇಗಾ?

ಹದಿನೇಳರಲ್ಲಿ ಎಲ್ಲವೂ ಚಲೇಗಾ.

ಝೆರಾಕ್ಸ್ ಮಾಡಿದ ಹೊದಿಕೆ,
ಹುಲ್ಲಿನ ಮೇಲೆ ಬಿದ್ದ ಸೈಕಲ್ಲು, ಕಪ್ಪು ಕಪ್ಪು.
ಯಾವುದೋ ಚಳಿಯೂರಿನ ನಾಲ್ವರು ಹುಡುಗರು.
ಹೆಸರುಗಳನ್ನು ಝರೀರ್ ಹಸಿರು ಶಾಯಿಯಲ್ಲಿ ಬರೆದಿದ್ದ,
ಎರಡು ತಪ್ಪು.

ಗಿಟಾರು ಅಂದರೆ
ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಗರಗಸ.
ಕೊಯ್ಯುತ್ತದೆ, ಆಮೇಲೆ ಅಂಟುತ್ತದೆ.
ಒಬ್ಬ ಹಾಡುತ್ತಾನೆ, ಇನ್ನೊಬ್ಬ ಒಂದು ಮೆಟ್ಟಿಲು ಮೇಲೆ ನಿಂತು
ಅದೇ ಮಾತನ್ನು ಅವನಿಗೇ ಹೇಳುತ್ತಾನೆ.
ಅವಳು ಬಿಟ್ಟುಹೋದಳು ಎಂಬ ಸುದ್ದಿಯನ್ನು
ಇಷ್ಟು ಖುಷಿಯಾಗಿ ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ.
ನಮ್ಮ ಮನೆಯಲ್ಲಿ ದುಃಖವೆಂದರೆ ನಿಧಾನ.
ಇವರದು ಬಸ್ಸು ತಪ್ಪುವವರ ಹಾಗೆ ಓಡುತ್ತಿತ್ತು
ಚಪ್ಪಲಿ ಕೈಯಲ್ಲಿ ಹಿಡಿದು.

ಖಡಕಿ. ಮದ್ದಿನ ಕಾರ್ಖಾನೆಯ ಕ್ವಾರ್ಟರ್ಸು, ಎರಡನೇ ಮಹಡಿ.
ಭೋಂಗಾ ಕೂಗಿದರೆ ಅಪ್ಪ ಸೈಕಲ್ಲೇರುವರು,
ಸೈಕಲ್ಲು ತಿರುವು ದಾಟಿದರೆ ನಾನು ಗುಂಡಿ ಒತ್ತುವೆ.
'ಏನವಾ ಅದು, ಹಿಟ್ಟಿನ ಗಿರಣಿ ಚಾಲೂ ಆತೇನ?'
ಗದಗಿನ ಅವ್ವ, ಒಲೆಯ ಮುಂದೆ.
ನಾಲ್ಕನೆಯ ದಿನ ಗಮನಿಸಿದೆ,
ರೊಟ್ಟಿ ತಟ್ಟುವ ಅಂಗೈ ಡ್ರಮ್ಮಿನ ಜೊತೆಗೇ ಬೀಳುತ್ತಿದೆ.
ಹೇಳಿದರೆ ನಿಲ್ಲಿಸಿಬಿಡುತ್ತಾಳೆಂದು
ಹೇಳಲಿಲ್ಲ.

ಬಿ ಬದಿಯ ಕೊನೆಯ ಹಾಡು.
ಎರಡನೇ ಚರಣ ಮುಗಿದು ಎಲ್ಲ ವಾದ್ಯ ಸುಮ್ಮನಾಗಿ
ಒಂದೇ ಒಂದು ತಂತಿ ಮೇಲೆ ಮೇಲೆ ಹತ್ತಿ
ಹುಡುಗ ಉಸಿರೆಳೆದು
'ನೀನೇನಾದರೂ' ಎಂಬರ್ಥದ ಎರಡು ಶಬ್ದ ಅಂದು

ಟಕ್.

ಗುಂಡಿ ತಾನೇ ಎದ್ದುಬಿಡುತ್ತಿತ್ತು.
ಅಲ್ಲಿಂದ ಮುಂದಿನದನ್ನು ಭೌತಶಾಸ್ತ್ರದ ವಹಿಯ ಹಿಂದೆ ನಾನೇ ಬರೆದೆ.
ನೀನೇನಾದರೂ ತಿರುಗಿ ನೋಡಿದರೆ.
ನೀನೇನಾದರೂ ಸುಳ್ಳು ಹೇಳಿದ್ದರೆ.
ನೀನೇನಾದರೂ ಒಂದು ಸಲ ಆ ಕನ್ನಡಕ ತೆಗೆದರೆ.

ಒಂದು ಮಧ್ಯಾಹ್ನ ಟೇಪು ಹಚ್ಚಿರಲಿಲ್ಲ.
ಅವ್ವ ಬಟ್ಟೆ ಹಿಂಡುತ್ತ ಗುನುಗುತ್ತಿದ್ದಳು.
ಮಾತಿಲ್ಲ, ಬರೀ ಧಾಟಿ, ಆದರೆ ಅದೇ ಧಾಟಿ.
ತಂತಿ ಹತ್ತಿದಲ್ಲೆಲ್ಲ ಹತ್ತಿದಳು,
ಉಸಿರೆಳೆದಲ್ಲಿ ಎಳೆದಳು.
ನಾನು ಬಾಗಿಲಲ್ಲೇ ಟಕ್ಕಿಗೆ ಕಾದು ನಿಂತೆ.
ಟಕ್ ಆಗಲಿಲ್ಲ.
ಅವಳು ಆ ಕಡೆಗೆ ದಾಟಿದಳು. ಕಡಿದ ದಾರವನ್ನು
ಯಾವುದೋ ಸೋಬಾನದ ತಿರುವಿಗೆ ಗಂಟು ಹಾಕಿ,
ತುಂಬಿದ ಕೊಡ ಇಳಿಸುವ ಹಾಗೆ
ಒಂದು ಹನಿಯೂ ತುಳುಕದಂತೆ
ನೆಲಕ್ಕಿಟ್ಟಳು.
ಆಮೇಲೆ ಅಪ್ಪನ ಅಂಗಿ ಝಾಡಿಸಿದಳು.

ಅಂಗಡಿಯಲ್ಲೀಗ ಮೊಬೈಲಿನ ಕವರು ಮಾರುತ್ತಾರೆ.
ಝರೀರ್ ಎಲ್ಲಿ ಎಂದು ಕೇಳಿದೆ. ಯಾರು ಎಂದರು.

ಹೋದ ವರ್ಷ, ಶಿವಾಜಿನಗರದ ಸಿಗ್ನಲ್ಲು, ರಿಕ್ಷಾದೊಳಗೆ
ಫೋನಿನಲ್ಲಿ ಸಿಕ್ಕಿತು ಇಡೀ ಆಲ್ಬಂ.
ಇಪ್ಪತ್ತೊಂಬತ್ತು ವರ್ಷದ ನಂತರ ನನಗೆ ಸಲ್ಲಬೇಕಾದ
ಒಂದು ನಿಮಿಷ ನಲವತ್ತು ಸೆಕೆಂಡು.
ನೀನೇನಾದರೂ
ಈ ಕಡೆ ಬಂದರೆ ಫೋನು ಮಾಡು.
ಅಷ್ಟೇ.
ಅದನ್ನೇ ಏಳು ಸಲ ಹೇಳಿ, ಸದ್ದು ತಗ್ಗಿಸುತ್ತ ತಗ್ಗಿಸುತ್ತ
ಹೇಗೆ ಎದ್ದುಹೋಗಬೇಕೆಂದು ತಿಳಿಯದ ನೆಂಟರಂತೆ
ನಾಲ್ವರೂ ಬಾಗಿಲ ಬಳಿ ತಡವರಿಸಿ
ಹೋಗಿಬಿಟ್ಟರು.
ಸಿಗ್ನಲ್ಲು ಹಸಿರಾಗಿತ್ತು. ಹಿಂದಿನವರೆಲ್ಲ ಹಾರ್ನು.

ಮನೆಗೆ ಬಂದು
ಮೆಂತೆ ಸೊಪ್ಪು ಬಿಡಿಸುತ್ತಿದ್ದ ಅವ್ವನ ಕಿವಿಗಿಟ್ಟೆ.
ಕಣ್ಣು ಮುಚ್ಚಿ ಪೂರಾ ಕೇಳಿದಳು, ಕೊನೆಯ ಪಿಸುರಿನವರೆಗೆ.
ಬೆರಳು ಮಾತ್ರ ದಂಟು ಮುರಿಯುತ್ತಿತ್ತು.

'ಚಲೋ ಐತಿ,' ಅಂದಳು.
'ಆದ್ರ ಕಡೀಕ ತಪ್ಪ್ಯಾರ ನೋಡು.'