ಹೊಲಿಯದ್ದಕ್ಕೆ ರಸೀದಿ

ಪೆನ್ಷನ್ ಮೊಹಲ್ಲಾದ ಅಡ್ಡರಸ್ತೆಯಲ್ಲಿ ನನ್ನ ಅಂಗಡಿ.
ಬೋರ್ಡಿಲ್ಲ. ಖಾಕಿ ಷಮೀಮಕ್ಕ ಅಂದರೆ ಸಾಕು,
ಹಾಸನದ ಯಾವ ಆಟೋದವನೂ ತಂದು ಬಿಡುತ್ತಾನೆ.
ಹೋಂಗಾರ್ಡು, ಕಂಡಕ್ಟರು, ಎನ್‌ಸಿಸಿ ಮಕ್ಕಳು,
ಹೊಟ್ಟೆ ಬಂದ ಹೆಡ್ ಕಾನ್‌ಸ್ಟೇಬಲ್ಲು.
ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸೊಂಟ ಸಡಿಲಿಸಿದೆನೋ.

ಅವಳು ಬಂದದ್ದು ಮಧ್ಯಾಹ್ನ, ಕರೆಂಟು ಹೋದಾಗ.
ದುದ್ದದ ಹುಡುಗಿ, ಇಂಚರ. ಮಿಲಿಟರಿ. ಹದಿನೆಂಟು ದಿನ ರಜೆ.
ಸೇರಿದ ವರ್ಷ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದ್ದರಂತೆ,
'ನಮ್ಮೂರ ಹುಲಿ' ಅಂತ.
ಈಗ ಚಿಕ್ಕಪ್ಪ ಅದನ್ನು ಜೋಳದ ರಾಶಿಗೆ ಹೊದಿಸಿದ್ದಾನೆ,
ಮುಖ ಒಳಗಡೆ ಮಾಡಿ.
ನಗುತ್ತಲೇ ಹೇಳಿದಳು.

ರಾತ್ರಿ ತೊಡುವ ಪ್ಯಾಂಟು, ನಾಲ್ಕು, ಮೇಜಿನ ಮೇಲಿಟ್ಟಳು.
ಎಲಾಸ್ಟಿಕ್ ಬೇಡ ಕಣಕ್ಕ, ಲಾಡಿ ಹಾಕಿ.
ಒಂದಲ್ಲ, ಎರಡು.
ಎರಡು ಯಾಕೆ ಅಂದೆ.
ಒಂದು ಬಿಚ್ಚೋ ಹೊತ್ತಿಗೆ ಎಚ್ಚರ ಆಗುತ್ತೆ.

ಸೂಜಿಗೆ ದಾರ ಪೋಣಿಸುತ್ತಿದ್ದೆ, ಕಣ್ಣು ಕೂಡಲಿಲ್ಲ.
ಇಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿದಳು,
ಗುರಿ ಹಿಡಿದು ಪಳಗಿದ ಕೈ.

ಹನ್ನೊಂದು ಹೆಂಗಸರು ನಾವು, ಅವರು ಒಂಬೈನೂರು.
ಸಂಜೆ ಆರರ ಮೇಲೆ ನೀರು ಕುಡಿಯಲ್ಲ.
ಕಕ್ಕಸಿಗೂ ಇಬ್ಬಿಬ್ಬರು. ಒಬ್ಬಳು ಒಳಗೆ, ಒಬ್ಬಳು ಬಾಗಿಲಲ್ಲಿ.
ಗುಂಡು ಹಾರಿಸೋದು ಅವರು ಕಲಿಸಿದರು,
ಗುಂಡಿ ಕಾಯೋದು ನಾವೇ ಕಲಿತೆವು.
ಎಲ್ಲರೂ ಹಾಗಲ್ಲ ಅಕ್ಕ.
ಹಿಮದಲ್ಲಿ ತಮ್ಮ ಕಾಲುಚೀಲ ಬಿಚ್ಚಿ ಕೊಟ್ಟವರಿದಾರೆ.
ಯಾರು ಹಾಗೆ, ಯಾರು ಹೀಗೆ ಅಂತ
ಹತ್ತಿರ ಬರೋವರೆಗೂ ಗೊತ್ತಾಗಲ್ಲ, ಅಷ್ಟೆ.

ಚೀಲದ ತಳದಿಂದ ಕೊನೆಗೆ ಒಂದು ಅಂಗಿ,
ಪೇಪರಿನಲ್ಲಿ ಸುತ್ತಿದ್ದು.
ಮೂರನೇ ಗುಂಡಿ ಇಲ್ಲ.
ದಾರ ಸವೆದು ಬಿದ್ದದ್ದಲ್ಲ, ಬಟ್ಟೆಯೇ ಕಿತ್ತು ಬಂದಿದೆ.
ತೊಟ್ಟವರು ಬಿಚ್ಚಿದರೆ ಗುಂಡಿ ಹೀಗೆ ಹೋಗುವುದಿಲ್ಲ,
ನನ್ನ ಬೆರಳಿಗೆ ಗೊತ್ತು.

ಗುಂಡಿ ಡಬ್ಬಿಗೆ ಕೈ ಹಾಕಿದೆ.
ಮಣಿಕಟ್ಟು ಹಿಡಿದಳು.
ಹೊಲಿಯಬೇಡಿ.
ನೋಡಿದ್ದನ್ನ ಬರೆದುಕೊಡಿ.
ದೂರು ಕೊಡೋ ಮೇಜಿನ ಹಿಂದೆ ಅವನ ಜೊತೆ ಉಣ್ಣುವವನೇ ಕೂತಿದಾನೆ,
ಸಾಕ್ಷಿ ಏನು ಅಂದ. ಮೂರು ಸಲ ಅಂದ.

ನಾನು ಓದಿದ್ದು ಎಂಟನೇ ಕ್ಲಾಸು.
ನನ್ನ ಕಾಗುಣಿತವನ್ನು ಯಾವ ಕೋರ್ಟು ಓದೀತು?
ಬಿಲ್ ಪುಸ್ತಕ ತೆಗೆದೆ, ಕಾರ್ಬನ್ ಇಟ್ಟೆ, ತಾರೀಕು ಹಾಕಿದೆ.
*ಅಂಗಿ ಒಂದು. ಮೇಲಿಂದ ಮೂರನೇ ಗುಂಡಿ ಇಲ್ಲ.
ಬಟ್ಟೆ ಒಂದೂವರೆ ಇಂಚು ಹರಿದಿದೆ,
ಎದುರಿನಿಂದ ಎಳೆದ ಹಾಗೆ. ಹೊಲಿದಿಲ್ಲ.*
ಕೂಲಿಯ ಜಾಗಕ್ಕೆ ಸೊನ್ನೆ ಬರೆಯಹೊರಟೆ.
ಐದು ರೂಪಾಯಿ ಹಾಕಿ ಅಕ್ಕ,
ಸೊನ್ನೆ ಇದ್ದರೆ ನೆಂಟಸ್ತಿಕೆ ಅಂತಾರೆ.

ಐದರ ನಾಣ್ಯ ಇಟ್ಟು ಹೋದಳು.

ಬಿಳಿ ಹಾಳೆ ಅವಳ ಹತ್ತಿರ.
ಹಳದಿಯದು ನನ್ನ ಪುಸ್ತಕದಲ್ಲೇ ಇದೆ,
ಒಬ್ಬ ಕಂಡಕ್ಟರನ ಪ್ಯಾಂಟಿಗೂ
ಯಾವುದೋ ಮಗುವಿನ ಪಿನಾಫೋರಿಗೂ ನಡುವೆ.
ಪುಸ್ತಕ ಮುಗಿದು ಹೊಸದು ಬಂತು.
ಹಳೆಯದನ್ನು ರದ್ದಿಗೆ ಹಾಕಿಲ್ಲ.
ಯಾರಾದರೂ ಕೇಳಿಕೊಂಡು ಬಂದರೆ
ತೋರಿಸಬೇಕಲ್ಲ.